ಏಳು ಸೀರೆಯ ಒಂದು ರೊಟ್ಟಿ

ನಮ್ಮಪ್ಪ ಮೈಸೂರಿನಲ್ಲಿ ಕಂಡಕಂಡವರಿಗೆಲ್ಲ, ಮಗಳು ಹೈದರಾಬಾದಿನಲ್ಲಿ ಕಂಪ್ಯೂಟರ್ ಲೈನಿನಲ್ಲಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಪೂರ್ತಿ ಸುಳ್ಳೇನಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಕಂಪ್ಯೂಟರಿನ ಮುಂದೆಯೇ ಕೂತಿರುತ್ತಿದ್ದೆ. ಆ ಪರದೆಯ ಮೇಲೆ ಒಬ್ಬ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಿರುತ್ತಾಳೆ ಎಂಬ ಸಂಗತಿಯನ್ನು ಮಾತ್ರ ಮನೆಗೆ ತಿಳಿಸಿರಲಿಲ್ಲ.

ಊರೆಲ್ಲ ಸಾಫ್ಟ್‌ವೇರ್ ಕಲಿಯಲು ಹೈದರಾಬಾದಿಗೆ ಬರುತ್ತಿದ್ದಾಗ ನಾನು ಸಾಕ್ಷ್ಯಚಿತ್ರ ಮಾಡುವುದನ್ನು ಕಲಿಯಲು ಬಂದವಳು. ಹಾಸ್ಟೆಲಿನ ಹುಡುಗಿಯರು ಅಮೀರ್‌ಪೇಟೆಯ ಕ್ಲಾಸುಗಳಿಗೆ ಹೋಗಿ ಬಂದು ನಿದ್ದೆಯಲ್ಲೂ ಜಾವಾ ಕನವರಿಸುತ್ತಿದ್ದರು. ನನ್ನ ಕೋರ್ಸಿನ ಹೆಸರು ಕೇಳಿದ ಮೇಲೆ ಅವರೆಲ್ಲ ನನ್ನನ್ನು ಕನಿಕರದಿಂದ ನೋಡಿ, ಮೊಸರನ್ನಕ್ಕೆ ಸ್ವಲ್ಪ ಹೆಚ್ಚು ಉಪ್ಪಿನಕಾಯಿ ಬಡಿಸುವರು. ನಾನು ಕನಿಕರವನ್ನು ಬಿಟ್ಟು ಉಪ್ಪಿನಕಾಯಿಯನ್ನು ತೆಗೆದುಕೊಳ್ಳುತ್ತಿದ್ದೆ.

ಕೊನೆಯ ವರ್ಷ ಇಬ್ಬಿಬ್ಬರು ಸೇರಿ ಒಂದು ಚಿತ್ರ ಮಾಡಬೇಕಿತ್ತು. ನನಗೆ ಜೋಡಿಯಾಗಿ ಸಿಕ್ಕವನು ವರಂಗಲ್ಲಿನ ಹುಡುಗ. ಕ್ಯಾಮೆರಾ ಅವನದು, ಎಡಿಟಿಂಗ್ ನನ್ನದು, ಜಗಳ ಇಬ್ಬರದೂ. ಅವನಿಗೆ ಕನ್ನಡ ಬಾರದು, ನನ್ನ ತೆಲುಗು ಆಟೋದವರಿಗಷ್ಟೇ ಸಾಕಾಗುವಂಥದ್ದು. ಹಾಗಾಗಿ ಜಗಳವೆಲ್ಲ ಹಿಂದಿಯಲ್ಲಿ ನಡೆಯುತ್ತಿತ್ತು, ಇಬ್ಬರಿಗೂ ವ್ಯಾಕರಣ ಬಾರದ್ದರಿಂದ ಬೇಗ ಮುಗಿಯುತ್ತಿತ್ತು.

ಹೈದರಾಬಾದಿನ ಅಂಚಿನ ಮಿಯಾಪುರದಲ್ಲಿ ಆಗ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಅಂಥ ಒಂದು ಕಟ್ಟಡದ ಹಿಂದೆ, ರಾಯಚೂರು, ಯಾದಗಿರಿ, ಗುಲ್ಬರ್ಗ ಕಡೆಯಿಂದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳ ಸಾಲು. ಸಾಲಿನ ತುದಿಯ ಶೆಡ್ಡಿನಲ್ಲಿ, ನಾವು ಅಕ್ಕ ಎಂದು ಕರೆಯುತ್ತಿದ್ದ ಆ ರೊಟ್ಟಿ ಬಡಿಯುವ ಹೆಂಗಸು ಇದ್ದಳು. ಅವಳ ಗಂಡ ಗೌಂಡಿ, ಗಾರೆ ಕೆಲಸದವನು. ಅವಳೂ ಮೊದಲು ಇಟ್ಟಿಗೆ ಹೊರುತ್ತಿದ್ದಳು. ಸೊಂಟ ಹಿಡಿದುಕೊಂಡ ಮೇಲೆ, ಬೇಗಂ ಬಜಾರಿನಿಂದ ಒಂದು ದೊಡ್ಡ ಹಂಚು ತರಿಸಿ, ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಒಲೆಗೆ ಒಟ್ಟಿ ರೊಟ್ಟಿ ಬಡಿದು ಮಾರತೊಡಗಿದ್ದಳು. ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಸಾಫ್ಟ್‌ವೇರ್ ಹುಡುಗರು ಭಾನುವಾರವೂ ಕೊರಳಲ್ಲಿ ಆಫೀಸಿನ ಪಟ್ಟಿ ನೇತುಹಾಕಿಕೊಂಡು ಬೈಕಿನಲ್ಲಿ ಬರುವರು. ಮಂಗಳೂರಿನವನೊಬ್ಬ ಮೊದಲ ಸಲ ಖಡಕ್ ರೊಟ್ಟಿಯನ್ನು ಮುರಿದು, ಹಪ್ಪಳ ಆಯಿತು, ಊಟ ಯಾವಾಗ ಎಂದು ಕೇಳಿದ್ದನಂತೆ. ಅಕ್ಕ ಅದನ್ನು ಹೇಳಿ ಹೇಳಿ ನಗುತ್ತಿದ್ದಳು.

ಅವಳ ಒಂದು ದಿನ, ಒಲೆ ಹೊತ್ತಿಸಿದಲ್ಲಿಂದ ಒಲೆ ಆರಿಸುವವರೆಗೆ, ಇದೇ ನಮ್ಮ ಚಿತ್ರ. ಕಾಲೇಜಿನ ಕ್ಯಾಮೆರಾ ನಮಗೆ ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಏಳು ಭಾನುವಾರ ಶೂಟ್ ಮಾಡಿ, ಕತ್ತರಿಸಿ ಅಂಟಿಸಿ ಒಂದೇ ದಿನ ಎಂದು ತೋರಿಸುವುದು ನಮ್ಮ ಹಂಚಿಕೆ. ಸಿನಿಮಾದವರೆಲ್ಲ ಮಾಡುವುದೂ ಅದನ್ನೇ.

ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಮೊದಲ ದೃಶ್ಯ ಜೋಡಿಸಿದ ದಿನ ಎಡಿಟ್ ರೂಮಿನಲ್ಲಿ ನನ್ನ ಹಿಂದೆ ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಮಾವಿನ ಹಣ್ಣಿನ ಬಣ್ಣದ ಸೀರೆಯಲ್ಲಿ ಹಿಟ್ಟು ನಾದಿದಳು. ಗಿಳಿಹಸಿರು ಸೀರೆಯಲ್ಲಿ ರೊಟ್ಟಿ ಬಡಿದಳು. ನೇರಳೆ ಸೀರೆಯಲ್ಲಿ ಅದನ್ನು ಹಂಚಿಗೆ ಹಾಕಿದಳು. ಒದ್ದೆ ಬಟ್ಟೆಯಿಂದ ರೊಟ್ಟಿಯ ಮೇಲೆ ನೀರು ಸವರುವ ಹೊತ್ತಿಗೆ ಇಳಕಲ್ ಸೀರೆ ಬಂದಿತ್ತು. ಏಳು ಭಾನುವಾರಕ್ಕೆ ಏಳು ಸೀರೆ.

ನಾನು ಕ್ಯಾಮೆರಾದವನ ಮೇಲೆ ಹರಿಹಾಯ್ದೆ. ಅವನು ಕ್ಯಾಮೆರಾವನ್ನೇ ತಂದು ನನ್ನ ಕಣ್ಣಿಗೆ ಹಿಡಿದ. ಅದರ ಕಿಂಡಿಯೊಳಗೆ ಕಾಣುವುದೆಲ್ಲ ಕಪ್ಪು-ಬಿಳುಪು. ಬಣ್ಣ ತೋರಿಸುವ ಪುಟ್ಟ ಪರದೆಯನ್ನು ಹಿಂದಿನ ಬ್ಯಾಚಿನವರು ಮುರಿದಿಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಗೊಣಗಿದೆ, ಅದು ಅವನಿಗೆ ಅರ್ಥವಾಗದೆ ಜಗಳ ಅಲ್ಲಿಗೇ ನಿಂತಿತು. ಬರಿಗಣ್ಣಿಂದ ನೋಡುತ್ತಿದ್ದವಳು ನಾನು. ಪ್ರತಿ ಭಾನುವಾರವೂ, ಅಕ್ಕ, ಸೀರೆ ಎಷ್ಟು ಚೆನ್ನಾಗಿದೆ ಎಂದು ಬಾಯಿ ತುಂಬ ಹೊಗಳಿದ್ದೆ. ಅವಳೂ ಮುಖ ಅರಳಿಸಿ, ಹೌದಾ ತಂಗಿ, ಚಲೋ ಕಾಣ್ತೈತಾ ಎಂದು ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡಿದ್ದಳು.

ನಮ್ಮ ಮೇಷ್ಟ್ರು ಹಿಂದೆ ತೆಲುಗು ಸಿನಿಮಾಗಳಲ್ಲಿ ಎಡಿಟಿಂಗ್ ಸಹಾಯಕರಾಗಿದ್ದವರು. ಹೀರೋ ನೀಲಿ ಅಂಗಿಯಲ್ಲಿ ಬಾಗಿಲೊಳಗೆ ಹೋಗಿ ಕೆಂಪು ಅಂಗಿಯಲ್ಲಿ ಹೊರಬಂದರೆ ಜನ ಪರದೆಗೆ ಚಪ್ಪಲಿ ಎಸೆಯುತ್ತಾರೆ ಎಂಬುದು ಅವರ ಮೊದಲ ಪಾಠ, ಕೊನೆಯ ಪಾಠವೂ ಅದೇ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ನಾನು ಅವರ ಬೆನ್ನ ಹಿಂದೆ ನಗುತ್ತಿದ್ದೆ. ಒಂದು ಸೀರೆ ಉಳಿಸಿಕೊಂಡು ಉಳಿದದ್ದೆಲ್ಲ ಬಿಸಾಡು, ಇಲ್ಲವೇ ಮತ್ತೆ ಶೂಟ್ ಮಾಡು ಎಂದರು. ಮತ್ತೆ ಶೂಟ್ ಮಾಡಲು ದಿನಗಳೇ ಇರಲಿಲ್ಲ.

ಆಗ ವರಂಗಲ್ಲಿನವನು ಬಂದು ಕೂತು ಒಂದೇ ಒಂದು ಬಟನ್ ಒತ್ತಿದ. ಬಣ್ಣವೆಲ್ಲ ಇಂಗಿಹೋಯಿತು. ಮಾವು, ಗಿಳಿ, ನೇರಳೆ ಎಲ್ಲ ಬೂದಿ ಬೂದಿಯಾಗಿ, ಯಾವ ಸೀರೆ ಯಾವುದೆಂದು ನನಗೇ ತಿಳಿಯದಾಯಿತು. ಚಿತ್ರವೂ ದಿಢೀರನೆ ಪ್ರಶಸ್ತಿ ಬಂದವರ ಚಿತ್ರದ ಹಾಗೆ ಗಂಭೀರವಾಗಿ ಕಂಡಿತು. ಕಪ್ಪು-ಬಿಳುಪಿನಲ್ಲಿ ಬಡತನ ಚೆನ್ನಾಗಿ ಮೂಡಿದೆ ಎಂದು ಮೇಷ್ಟ್ರು ಮೆಚ್ಚಿಕೊಂಡರು. ಅಕ್ಕ ಹಿಂದಿನ ವಾರವಷ್ಟೇ ಹೊಸ ಮಿಕ್ಸಿ ಕೊಂಡು ನನಗೆ ಹಸಿಮೆಣಸಿನಕಾಯಿ ಚಟ್ನಿ ರುಬ್ಬಿ ಹಾಕಿದ್ದಳು, ಬಡತನದ ಸುದ್ದಿಯನ್ನು ನಾವು ಎತ್ತಿಯೇ ಇರಲಿಲ್ಲ. ಆದರೂ ಮೇಷ್ಟ್ರು ಮೆಚ್ಚಿದರಲ್ಲ ಎಂದು ನಾನು ಸುಮ್ಮನಾದೆ. ಇಬ್ಬರೂ ಖುಷಿಯಲ್ಲಿ ಇರಾನಿ ಚಹಾ ಕುಡಿದು, ಒಂದು ಸಿ.ಡಿ. ಮಾಡಿಕೊಂಡು ಅಕ್ಕನಿಗೆ ತೋರಿಸಲು ಮಿಯಾಪುರಕ್ಕೆ ಹೊರಟೆವು.

ಶೆಡ್ಡುಗಳ ಸಾಲಿಗೆ ಟಿ.ವಿ. ಇದ್ದದ್ದು ಒಂದೇ, ಸಾಲಿಗೆಲ್ಲ ಹಿರಿಯಳಾದ ಅಜ್ಜಿಯ ಮನೆಯಲ್ಲಿ. ನಾವು ಹೋಗುವಷ್ಟರಲ್ಲಿ ಹೆಂಗಸರೆಲ್ಲ ತಲೆ ಬಾಚಿಕೊಂಡು ಹೂ ಮುಡಿದು ಅಲ್ಲಿ ಒತ್ತೊತ್ತಾಗಿ ಕೂತುಬಿಟ್ಟಿದ್ದರು. ಇಷ್ಟೊಂದು ಜನ ಯಾಕೆ ಎಂದು ನನಗೆ ಆಶ್ಚರ್ಯ. ಚಿತ್ರದಲ್ಲಿ ಇರುವವಳು ಅಕ್ಕ ಒಬ್ಬಳೇ.

ಚಿತ್ರ ಶುರುವಾಯಿತು. ಅಜ್ಜಿ ಎದ್ದು ಬಂದು ಟಿ.ವಿ.ಯ ತಲೆಗೆ ಎರಡು ಏಟು ಹಾಕಿದಳು. ಬಣ್ಣ ಬರಲಿಲ್ಲ. ಹಿಂದಿನ ವೈರುಗಳನ್ನು ಅಲ್ಲಾಡಿಸಿದಳು. ಯಾರೋ ಎಡಕ್ಕೆ ತಿರುಗಿಸು ಎಂದರು, ಯಾರೋ ಆಂಟೆನಾ ಎಂದರು. ಟಿ.ವಿ. ಸರಿಯಾಗಿಯೇ ಇದೆ, ನಾವೇ ಬಣ್ಣ ತೆಗೆದಿದ್ದೇವೆ ಎಂದು ನಾನು ಜಂಬದಿಂದ ವಿವರಿಸಿದೆ. ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಾಲಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಹುಡುಗಿ ತಲೆ ತಗ್ಗಿಸಿ ಎದ್ದು ಹೊರಗೆ ಹೋದಳು. ಅಕ್ಕ ನನ್ನ ಕೈ ಹಿಡಿದು ಒಲೆಯ ಹತ್ತಿರ ಕರೆದೊಯ್ದಳು.

"ಆ ಸೀರಿ ಒಂದೂ ನಂದಲ್ಲ ತಂಗಿ," ಎಂದಳು. "ಇವರಿಗೆಲ್ಲಾ ಫಿಲ್ಮಿನ್ಯಾಗ ಬರೋ ಆಸೆ ಭಾಳ ಐತಿ. ಕ್ಯಾಮೆರಾ ಮುಂದ ನಿಂದ್ರಾಕ ನಾಚಿಕಿ, ಮ್ಯಾಲ ಗಂಡಸರ ಬಾಯಿ ಬ್ಯಾರೆ. ಸೀರಿ ಬಂದ್ರ ಯಾರೇನಂತಾರ? ವಾರಕ್ಕೊಬ್ಬಾಕಿದು ನಾ ಉಡ್ತೀನಿ, ನೀವೆಲ್ಲಾರೂ ಬರ್ತೀರಿ ಅಂತ ಮಾತು ಕೊಟ್ಟೀನಿ. ಈಗ ಬಣ್ಣಾನ ತಗದ್ರ ಯಾರದು ಯಾವುದು ಅಂತ ಹೆಂಗ ಗುರ್ತ ಹಿಡೀಬೇಕವ್ವ?"

ಗಿಳಿಹಸಿರು ಆ ಹೊಸ ಸೊಸೆಯದು, ಮದುವೆಯಾದ ಮೇಲೆ ಗಂಡ ಸುಲ್ತಾನ್ ಬಜಾರಿಗೆ ಕರೆದೊಯ್ದು ಕೊಡಿಸಿದ್ದು. ಅವಳು ಇನ್ನೂ ಒಮ್ಮೆಯೂ ಉಟ್ಟಿರಲಿಲ್ಲ, ಮೊದಲು ಅಕ್ಕನಿಗೆ ಕೊಟ್ಟಿದ್ದಳು. ಇಳಕಲ್ ಅಜ್ಜಿಯದು. ಕಟ್ಟಡಕ್ಕೆ ಆಗಲೇ ಸುಣ್ಣಬಣ್ಣ ನಡೆದಿತ್ತು, ಇನ್ನೊಂದು ತಿಂಗಳಿಗೆ ಸಾಲು ಖಾಲಿಯಾಗಿ ಒಬ್ಬೊಬ್ಬರು ಒಂದೊಂದು ಕಡೆ ಹೊರಡುವವರು. ಆಮೇಲೆ ಕೊಟ್ಟ ಮಾತು ತೀರಿಸುತ್ತೇನೆಂದರೂ ಎಲ್ಲಿ ಹುಡುಕಿಕೊಂಡು ಹೋಗಲಿ ಎಂದಳು ಅಕ್ಕ. ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ. ನನಗೆ ಆ ಬಟನ್ನಿನ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು.

ಹಾಗಾದರೆ ನಿಮ್ಮದು ಯಾವುದು ಎಂದು ಕೇಳಿದೆ.

"ನಂದೇನ್ ನೋಡ್ತಿ ಬಿಡು. ಹಿಟ್ಟಿನ ಸೀರಿ. ನಾನಽ ಅದೀನಲ್ಲ ಫಿಲ್ಮಿನ್ಯಾಗ."

ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲವನ್ನೂ ಹಿಂದಿಯಲ್ಲಿ ವರಂಗಲ್ಲಿನವನಿಗೆ ಹೇಳಿದೆ. ಬಟನ್ ಒತ್ತಿ ಬಣ್ಣ ತೆಗೆದ ಕೈಯೇ ಅದನ್ನು ವಾಪಸು ತರಲೂಬಹುದು ಎಂದ ಅವನು. ಅವನ ಮೇಲೆ ಅದುವರೆಗೆ ಇಟ್ಟುಕೊಂಡಿದ್ದ ಮುನಿಸನ್ನೆಲ್ಲ ಅಂದೇ ಬಿಟ್ಟುಬಿಟ್ಟೆ.

ಮರುದಿನದಿಂದ ನಾನು ಸೀರೆ ಬದಲಾಗುವುದನ್ನು ಮುಚ್ಚಿಡುವುದನ್ನು ಬಿಟ್ಟು ಎತ್ತಿ ತೋರಿಸತೊಡಗಿದೆ. ಒಂದೇ ರೊಟ್ಟಿ, ಏಳೂ ಸೀರೆಗಳನ್ನು ದಾಟಿಕೊಂಡು ಬರಬೇಕು. ಕೂತು ಜೋಡಿಸುವಾಗ ತಿಳಿಯಿತು, ಅಕ್ಕನ ಕೈ ಏಳು ಭಾನುವಾರವೂ ಒಂದೇ ತಾಳದಲ್ಲಿ ಬಡಿದಿತ್ತು. ಒಂದು ವಾರದ ಸದ್ದಿನ ತುದಿಗೆ ಇನ್ನೊಂದು ವಾರದ ಸದ್ದನ್ನು ಇಟ್ಟರೆ ಬೆಸುಗೆ ಕೇಳಿಸುತ್ತಲೇ ಇರಲಿಲ್ಲ. ಸದ್ದು ನಿಲ್ಲದೆ ಸಾಗುತ್ತಿದ್ದರೆ ಮೇಲೆ ಬಣ್ಣ ಬದಲಾಗುತ್ತಿತ್ತು. ಅಷ್ಟು ಸಂತೋಷದಿಂದ ನಾನು ಆಮೇಲೆ ಯಾವ ಚಿತ್ರವನ್ನೂ ಕತ್ತರಿಸಿಲ್ಲ.

ಮೇಷ್ಟ್ರು ನೋಡಿ ಮತ್ತೆ ಚಪ್ಪಲಿಯ ಮಾತೆತ್ತಿದರು. ಬಿದ್ದರೆ ನಾನೇ ಆಯ್ದುಕೊಳ್ಳುತ್ತೇನೆ ಸರ್, ನನ್ನ ಚಪ್ಪಲಿಯೂ ಹರಿದಿದೆ ಎಂದೆ. ಹಾಗೆ ಹೇಳಿದ ಮೇಲೆ ನೆನಪಾಯಿತು, ಅಂಕ ಅವರ ಕೈಯಲ್ಲಿತ್ತು. ಅವರು ಇನ್ನೊಂದು ಸಲ ಮೊದಲಿಂದ ಹಾಕಿಸಿಕೊಂಡು ನೋಡಿದರು. ಒಮ್ಮೆ ಬದಲಾದರೆ ತಪ್ಪು ಅನ್ನುತ್ತಾರೆ, ಇಷ್ಟು ಸಲ ಬದಲಾದರೆ ಬೇಕೆಂದೇ ಮಾಡಿದ್ದಾರೆ ಅಂದುಕೊಳ್ಳುತ್ತಾರೆ, ಹೋಗು ಎಂದು ಎದ್ದು ಹೋದರು.

ಕೊನೆಗೆ ಏನು ಇಡುವುದು ಎಂದು ತಡಕಾಡುವಾಗ ಮೊದಲ ಟೇಪಿನ ಆರಂಭದಲ್ಲಿ ಒಂದು ತುಣುಕು ಸಿಕ್ಕಿತು. ಶೂಟಿಂಗಿಗೆ ಮುಂಚೆ, ಅಕ್ಕನ ಒಪ್ಪಿಗೆ ಕೇಳಲು ಹೋದ ದಿನ, ಕ್ಯಾಮೆರಾ ಓಡುತ್ತದೆಯೇ ಎಂದು ನೋಡಲು ತೆಗೆದದ್ದು. ರೊಟ್ಟಿಯೆಲ್ಲ ಮಾರಿ ಮುಗಿದ ಮೇಲೆ ಅಕ್ಕ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ಉಳಿದ ಮುರುಕು ರೊಟ್ಟಿಯನ್ನು ಕೆಂಪು ಖಾರಕ್ಕೆ ಅದ್ದಿ ತಿನ್ನುತ್ತಿದ್ದಳು. ಬಣ್ಣ ಮಾಸಿದ ಇಟ್ಟಿಗೆ ಕೆಂಪಿನ ಸೀರೆ, ಸೆರಗಿನ ತುಂಬ ಹಿಟ್ಟು. ಯಾರದೋ ಮಾತಿಗೆ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನಗುತ್ತಿದ್ದಳು. ಮೊದಲ ದಿನದ್ದೊಂದು ಇದೆ, ಹಾಕಲೇ ಎಂದು ಹೋಗಿ ಕೇಳಿಕೊಂಡು ಬಂದೆ. ಅವಳಿಗೆ ಅದರ ನೆನಪೇ ಇರಲಿಲ್ಲ. ಏನರ ಹಾಕವ್ವ, ಅಜ್ಜೀದು ಮಾತ್ರ ಬಿಡಬ್ಯಾಡ ಎಂದಳು.

ಭಾನುವಾರ ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಮತ್ತೆ ಎಲ್ಲರೂ ಅಜ್ಜಿಯ ಮನೆಯಲ್ಲಿ ಕೂತರು. ಈ ಸಲ ಹೂ ಮುಡಿದವರು ಕಡಿಮೆ, ಆಸೆಯನ್ನೂ ಕಡಿಮೆ ಮಾಡಿಕೊಂಡು ಬಂದಿದ್ದರು. ಅಕ್ಕ ಕೆಲಸ ಬಿಟ್ಟು ಹಾಗೇ ಬಂದು ಬಾಗಿಲ ಬಳಿ ನಿಂತಳು.

ಮಾವಿನ ಬಣ್ಣ ಬಂದ ಕೂಡಲೇ ಮೂಲೆಯಿಂದ "ನಂದು" ಎಂದು ಒಂದು ಕೂಗು. ಗಿಳಿಹಸಿರು ಬಂದಾಗ ಹೊಸ ಸೊಸೆ ಬಾಯಿ ಬಿಡಲಿಲ್ಲ, ಕಿಟಕಿಯ ಆಚೆ ನಿಂತಿದ್ದ ಅವಳ ಗಂಡನೇ ನಮ್ಮಾಕಿದು ಎಂದು ಕೂಗಿ ಎಲ್ಲರ ನಗೆಗೆ ಗುರಿಯಾದ. ಆಮೇಲೆ ಪ್ರತಿ ಸೀರೆಗೂ ಒಂದೊಂದು ಕೂಗು. ರೊಟ್ಟಿಯನ್ನು ಒಬ್ಬರಾದರೂ ನೋಡಿದರೆ ಕೇಳಿ. ಇಳಕಲ್ ಬಂದಾಗ ಅಜ್ಜಿ ಎದ್ದು ಹೋಗಿ, ಮೊದಲ ಸಲ ಏಟು ಹಾಕಿದ ಆ ಟಿ.ವಿ.ಯ ಗಾಜಿನ ಮೇಲೆ ಬೆರಳಿಟ್ಟು ಸೆರಗು ಸವರಿದಳು. ಅಕ್ಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು, ಟಿ.ವಿ.ಯ ಕಡೆ ಅವಳ ಗಮನವೇ ಇರಲಿಲ್ಲ.

ಕೊನೆಯ ತುಣುಕು ಬಂತು. ಯಾರೂ ಕೂಗಲಿಲ್ಲ, ಅದು ಅವರಲ್ಲಿ ಯಾರದೂ ಅಲ್ಲ. ಆಮೇಲೆ ಒಬ್ಬೊಬ್ಬರಾಗಿ ತಲೆ ತಿರುಗಿಸಿ ಬಾಗಿಲ ಕಡೆ ನೋಡಿದರು. ಅಕ್ಕ ಅದೇ ಸೀರೆಯಲ್ಲಿ ನಿಂತಿದ್ದಳು, ಸೆರಗಿನಲ್ಲಿ ಅಂದಿನ ಹಿಟ್ಟು. ಮೊದಲು ಬಾಯಿ ಬಿಟ್ಟವಳು ಹೊಸ ಸೊಸೆ.

"ಅಕ್ಕಂದು," ಎಂದಳು.

ಅಷ್ಟು ಸಾಕಾಯಿತು. ನಿಂದು, ನಿಂದು ಎಂದು ಇಡೀ ಮನೆ ಕೂಗಿತು. ಕನ್ನಡ ಬಾರದ ವರಂಗಲ್ಲಿನವನೂ ಕೂಗಿದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಹಿಟ್ಟು ಮೂಗಿಗೆ ಹತ್ತಿತು.

"ಮದ್ಲ ಹೇಳಿದ್ರ ಹಿಟ್ಟರೆ ಝಾಡಿಸ್ಕೋತಿದ್ನಲ್ಲ ತಂಗಿ," ಎಂದು ಅಕ್ಕ ನನ್ನನ್ನು ಗದರಿದಳು. ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು ಟಿ.ವಿ.ಯ ಎದುರು ಕಾಲು ಚಾಚಿ ಕೂತಳು.

"ಕಡೀದಷ್ಟ ಇನ್ನೊಮ್ಮಿ ಹಾಕು."