ಹಳಿಯ ತುಂಡು ಮತ್ತು ಕಾಣೆಯಾದ ಸಲಾಕೆ

ನಾನು ಚಿಕ್ಕವನಿದ್ದಾಗ, ಅಂದರೆ ಟಿಕೆಟ್ ಕಿಂಡಿ ನನ್ನ ತಲೆಗಿಂತ ಒಂದು ಗೇಣು ಮೇಲಿದ್ದ ಕಾಲದಲ್ಲಿ, ಸಾಗರದ ರೈಲುಗಳೆಲ್ಲ ನಮ್ಮಪ್ಪನ ಮಾತು ಕೇಳಿ ಓಡುತ್ತವೆ ಎಂದು ನಂಬಿದ್ದೆ. ನಗಬೇಡಿ ಮಕ್ಕಳೇ. ಮೊನ್ನೆ ನಮ್ಮೂರಿನ ಮ್ಯೂಸಿಯಂನಲ್ಲಿ ತೂಗುಹಾಕಿದ್ದ ಹಳಿಯ ತುಂಡು ನೋಡಿದಿರಲ್ಲ, ಅದೇ ಆಗ ಸ್ಟೇಷನ್ನಿನ ಗಂಟೆ. ಅದನ್ನು ಹೊಡೆಯುವುದು ಅಪ್ಪನ ಕೆಲಸ. ಅಪ್ಪ ಕಬ್ಬಿಣದ ಸಲಾಕೆಯಿಂದ ಠಣ್ ಠಣ್ ಎಂದು ಬಾರಿಸುತ್ತಿದ್ದ, ಗಾರ್ಡ್ ಹಸಿರು ಬಾವುಟ ಬೀಸುತ್ತಿದ್ದರು, ಇಂಜಿನ್ ಕೂಗಿ ಹೊರಡುತ್ತಿತ್ತು. ಒಂದು ದಿನವೂ ಇದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಟೀಚರ್ ಟ್ರೈನಿಂಗಿಗೆಂದು ಶಿವಮೊಗ್ಗಕ್ಕೆ ಹೊರಟಳು. ಅಲ್ಲೇ ಹಾಸ್ಟೆಲ್ಲಿನಲ್ಲಿರಬೇಕು, ಮನೆಗೆ ಬರುವುದು ರಜೆಯಲ್ಲಿ ಮಾತ್ರ. ನನ್ನ ತಲೆ ಬಾಚುವವಳು, ಕತೆ ಹೇಳುವವಳು, ನಾನು ಬೆಲ್ಲ ಕದ್ದರೆ ಮುಚ್ಚಿಹಾಕುವವಳು ಅವಳೇ. ಅವಳು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ಅತ್ತು ನೋಡಿದೆ, ಊಟ ಬಿಟ್ಟು ನೋಡಿದೆ. ಯಾರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ಉಪಾಯ ಹೊಳೆಯಿತು. ಗಂಟೆ ಹೊಡೆಯದಿದ್ದರೆ ರೈಲು ಹೇಗೆ ಹೊರಡುತ್ತದೆ?

ಪ್ಲಾಟ್‌ಫಾರಂ ತುಂಬ ಕಲ್ಲಿದ್ದಲಿನ ಹೊಗೆ. ಅಕ್ಕನ ಟ್ರಂಕಿಗೆ ಬಳಿದ ಹಸಿರು ಬಣ್ಣ ಇನ್ನೂ ಘಮ್ ಎನ್ನುತ್ತಿತ್ತು. ಅಪ್ಪ ಟ್ರಂಕನ್ನು ಬೋಗಿಯೊಳಗೆ ಇಡಲು ಹೋದದ್ದೇ ತಡ, ನಾನು ಸಲಾಕೆ ಎತ್ತಿಕೊಂಡು ಓಡಿ, ನೀರಿನ ಟ್ಯಾಂಕಿನ ಹಿಂದಿನ ಲಂಟಾನ ಪೊದೆಗೆ ಎಸೆದು ಬಂದೆ. ಅಂಗೈಯೆಲ್ಲ ಕೆಂಪಗೆ ತುಕ್ಕು.

ಅಪ್ಪ ಬಂದು ಅತ್ತಿತ್ತ ಹುಡುಕಿದ. "ಇಲ್ಲೇ ಇಟ್ಟಿದ್ನಲ್ಲ ಮಾರಾಯ, ಯಾರ್ ತಗಂಡ್ರು?" ಎಂದು ಗೊಣಗಿದ. ನಾನು ಗೆದ್ದೇಬಿಟ್ಟೆ ಎಂದುಕೊಂಡೆ. ಅಷ್ಟರಲ್ಲಿ ಅಪ್ಪ ಬಗ್ಗಿ, ಹಳಿಯ ಪಕ್ಕದ ಒಂದು ಜಲ್ಲಿಕಲ್ಲು ಆರಿಸಿಕೊಂಡು ಟಕ್ ಟಕ್ ಎಂದು ಬಾರಿಸಿದ. ಥೂ, ಅದೊಂದು ಸದ್ದೇ ಅಲ್ಲ! ಆದರೂ ರೈಲು ಹೊರಟೇಬಿಟ್ಟಿತು.

ಅಕ್ಕ ಕಿಟಕಿಯಿಂದ ಕೈ ಬೀಸಿದಳು. ನನಗೂ ಬೀಸುವ ಆಸೆ. ಆದರೆ ತುಕ್ಕು ಹತ್ತಿದ ಕೈ ಅಪ್ಪನಿಗೆ ಕಂಡರೆ? ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಸುಮ್ಮನೆ ನಿಂತೆ. ಬೋಗಿಗಳೆಲ್ಲ ತಿರುವಿನಲ್ಲಿ ಮರೆಯಾದವು. ಮರುದಿನ ಪೊದೆಯಲ್ಲಿ ಎಷ್ಟು ತಡಕಾಡಿದರೂ ಸಲಾಕೆ ಸಿಗಲಿಲ್ಲ. ಅದಕ್ಕಾಗಿ ಸ್ಟೇಷನ್ ಮಾಸ್ತರರು ಅಪ್ಪನನ್ನು ಬೈದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಕೈ ಬೀಸದೆ ಅಕ್ಕನನ್ನು ಕಳಿಸಿದೆನಲ್ಲ ಎಂಬ ಸಂಕಟ ಮಾತ್ರ ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಮ್ಯೂಸಿಯಂನಲ್ಲಿ ಅಜ್ಜ ಯಾಕೆ ಅಷ್ಟು ಹೊತ್ತು ಅಲ್ಲೇ ನಿಂತ ಎಂದು ಕೇಳಿದಿರಿ. ಹಳಿಯ ಮೇಲೆ ಅಪ್ಪ ಹೊಡೆದು ಹೊಡೆದು ಸವೆದ ಗುಳಿ ಹಾಗೇ ಇತ್ತು. ಕೆಳಗಿನ ಚೀಟಿಯಲ್ಲಿ 'ಬಾರಿಸುವ ಸಲಾಕೆ ಲಭ್ಯವಿಲ್ಲ' ಎಂದು ಬರೆದಿತ್ತು. ಹೇಗೆ ಲಭ್ಯವಾದೀತು, ಹೇಳಿ! ಅಲ್ಲಿ ನೋಡಿಕೊಳ್ಳುವ ಹುಡುಗಿ ನನ್ನ ಮುಖ ನೋಡಿ, "ಒಂದೇ ಒಂದ್ಸಲ ಹೊಡೀರಿ ಅಜ್ಜ" ಎಂದು ತನ್ನ ದೊಡ್ಡ ಬೀಗದ ಕೈ ಕೊಟ್ಟಳು. ಠಣ್ ಎಂದಿತು. ಅದೇ ಸದ್ದು.

ಆಗೆಲ್ಲ ನಾವು ಒಬ್ಬರ ಮುಖ ಒಬ್ಬರು ನೋಡಬೇಕೆಂದರೆ ರಜೆಯವರೆಗೆ ದಿನ ಎಣಿಸುತ್ತಿದ್ದೆವು. ನೀವು ನೋಡಿ, ಅಲ್ಲೇ ಚಿಟಿಕೆ ಹೊಡೆಯುವುದರೊಳಗೆ ವಿಡಿಯೋ ಕಾಲ್ ಮಾಡಿ ಅಕ್ಕನನ್ನು ನನ್ನ ಮುಂದೆ ತಂದು ನಿಲ್ಲಿಸಿದಿರಿ. ಅಕ್ಕ ಕನ್ನಡಕ ಏರಿಸಿಕೊಂಡು ಹಳಿಯ ತುಂಡನ್ನು ನೋಡಿದಳು.

"ಸಲಾಕೆ ಎಲ್ಲಿ ಬಿಸಾಕಿದ್ದೆ ಅಂತ ಈಗಾದ್ರೂ ಹೇಳೋ" ಎಂದಳು. "ಕೈ ಹಿಂದೆ ಇಟ್ಕಂಡು ನಿಂತಿದ್ದೆಯಲ್ಲ, ಆಗ್ಲೇ ಗೊತ್ತಾಯ್ತು ನಂಗೆ."

ಆಗ ನಾನು ಫೋನಿಗೆ ಕೈ ಬೀಸಿದೆ, ಎರಡೂ ಕೈ. ಅಜ್ಜನಿಗೆ ಏನಾಯಿತು ಎಂದು ನೀವೆಲ್ಲ ನಕ್ಕಿರಿ. ಅಕ್ಕ ನಗಲಿಲ್ಲ, ಅವಳೂ ಬೀಸಿದಳು.