ಅವಲಕ್ಕಿ ಕಲಸಿದ ಕೈ

ನನ್ನ ಕೈ ಕೊಳಕು ಎಂದು ಇಲ್ಲಿಯವರೆಗೆ ಯಾರೂ ನನ್ನ ಮುಖಕ್ಕೆ ಹೇಳಿಲ್ಲ. ಹೇಳಿದರೆ ನಾನು ಸುಮ್ಮನಿರುವವಳಲ್ಲ ಎಂದು ಶೆಟಗೇರಿಯ ನಮ್ಮ ಕೇರಿಗೆಲ್ಲ ಗೊತ್ತು. ಆದ್ದರಿಂದ ಅದನ್ನು ನಾನೇ ಹೇಳಬೇಕಾಗಿ ಬಂತು. ಅದೂ ಒಂದು ವರ್ಷ ತಡವಾಗಿ.

ಮಳೆ ಹೋಗಿ ಭತ್ತ ಮನೆಗೆ ಬಂದಮೇಲೆ ನಮ್ಮ ಕಡೆ ಉಣ್ಣುವುದೇ ಒಂದು ಕೆಲಸ. ಹೊಸ ಅಕ್ಕಿಯ ಊಟ, ನವರಾತ್ರಿಯ ಊಟ, ದೀಪಾವಳಿಯ ಊಟ, ಆಮೇಲೆ ಕಾರ್ತಿಕದ ವನಭೋಜನ. ಪ್ರಾಯದಲ್ಲಿ ಇದೆಲ್ಲ ಸಂತೋಷ. ಈಗ ಮೊಣಕಾಲು ನೋವು, ಪಂಕ್ತಿಯಲ್ಲಿ ಕೂತರೆ ಏಳಲು ಇಬ್ಬರು ಬೇಕು. ಅದರ ಮೇಲೆ ಉಣ್ಣುವ ಮೊದಲು ಕೈ ತೊಳಿ, ಉಂಡು ಕೈ ತೊಳಿ, ಬಡಿಸುವ ಮೊದಲು ಕೈ ತೊಳಿ ಎಂಬ ಉಪದೇಶ ಬೇರೆ. ಉಪದೇಶ ಮಾಡುವವಳು ನನ್ನ ಮೊಮ್ಮಗಳು ಸವಿತಾ. ಅವಳು ಆಶಾ ಕಾರ್ಯಕರ್ತೆ. ಅಂಗೈ, ಅಂಗೈಯ ಹಿಂಭಾಗ, ಬೆರಳ ಸಂದು, ಉಗುರು, ಹೆಬ್ಬೆರಳು, ಮಣಿಕಟ್ಟು ಎಂದು ನಾಟಕದವರ ಹಾಗೆ ಕೈ ತಿರುಗಿಸಿ ತೋರಿಸುತ್ತಾಳೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಎಪ್ಪತ್ತು ದಾಟಿದ ಮೇಲೆ ಕೈ ತೊಳೆಯುವುದಕ್ಕೂ ಪಾಠವೇ ಎಂದು ಬೇಸರ ಬರುತ್ತಿತ್ತು.

ಹಾಗೆಂದು ನಮಗೆ ಶುದ್ಧ ಗೊತ್ತಿರಲಿಲ್ಲ ಎಂದಲ್ಲ. ಒಲೆಯ ಬೂದಿಯಿಂದ ಉಜ್ಜಿದ್ದೇವೆ, ಸೀಗೆಪುಡಿಯಿಂದ ಉಜ್ಜಿದ್ದೇವೆ. ಬಂಗಡೆ ಕೊಯ್ದ ಕೈಗೆ ಹುಣಸೆಹಣ್ಣು ಹಚ್ಚಿ ನಾಲ್ಕು ಸಲ ತೊಳೆದು, ಮೂಗಿನ ಹತ್ತಿರ ಹಿಡಿದು ನೋಡಿ, ಮತ್ತೂ ಒಂದು ಸಲ ತೊಳೆಯುತ್ತೇವೆ. ತಪ್ಪು ಇರುವುದು ಅಲ್ಲಿಯೇ. ಕೈ ಶುದ್ಧವಾಯಿತೇ ಎಂದು ನಾವು ಮೂಗನ್ನು ಕೇಳುತ್ತೇವೆ. ವಾಸನೆ ಹೋಯಿತೋ, ಎಲ್ಲ ಹೋಯಿತು. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಮೀನಿನ ಕೈಗೆ ಇಷ್ಟು ಹೇಸುವ ನಾವು ಕೂಸಿನ ಅಂಡು ತೊಳೆದ ಕೈಗೆ ಹೇಸುವುದಿಲ್ಲ. ಕೂಸಿನದು ಹೇಸಿಗೆಯೇ ಅಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ನಾನೂ ಐದು ಮಕ್ಕಳನ್ನು ಹಾಗೆಯೇ ಸಾಕಿದೆ.

ನಮ್ಮ ಕೇರಿಯ ಹೆಂಗಸರು ಪ್ರತಿ ಕಾರ್ತಿಕದಲ್ಲಿ ಒಂದು ಟೆಂಪೋ ಮಾಡಿಕೊಂಡು ಕಾರವಾರದ ಕಡಲ ಬದಿಗೆ ವನಭೋಜನಕ್ಕೆ ಹೋಗುತ್ತೇವೆ. ಗಾಳಿಮರದ ನೆರಳಲ್ಲಿ ಚಾಪೆ ಹಾಸಿ ಕೂರುವುದು. ಹೊಸ ಭತ್ತದ ಅವಲಕ್ಕಿಗೆ ಕಾಯಿ, ಬೆಲ್ಲ, ಏಲಕ್ಕಿ ಹಾಕಿ ಕಲಸುವುದು ನಾನು. ಸೌಟಿನಿಂದ ಕಲಸಿದರೆ ಅವಲಕ್ಕಿ ಮುರಿದು ಹಿಟ್ಟಾಗುತ್ತದೆ, ಕೈಯೇ ಆಗಬೇಕು. ಮೂವತ್ತು ವರ್ಷದಿಂದ ಅದು ನನ್ನ ಕೈಯೇ. ಮಜ್ಜಿಗೆ ತರುವುದು ಪಕ್ಕದ ಮನೆಯ ಹೊನ್ನಮ್ಮ. ಶುಂಠಿ, ಹಸಿಮೆಣಸು ಜಜ್ಜಿ ಹಾಕಿ ಒಂದು ಕೊಡ ತುಂಬ ತರುತ್ತಾಳೆ.

ಹೋದ ವರ್ಷ ಸವಿತಾಳ ಕೂಸಿಗೆ ಹೊಟ್ಟೆ ಸರಿ ಇರಲಿಲ್ಲ. ಟೆಂಪೋ ಬಿಣಗಾ ದಾಟುವುದರೊಳಗೆ ಎರಡು ಸಲ ಮಾಡಿತು. ಕಡಲ ಬದಿಗೆ ಇಳಿದ ಮೇಲೆ ಮತ್ತೊಂದು ಸಲ. ಸವಿತಾ ಒಲೆಗೆ ಕಲ್ಲು ಹುಡುಕುತ್ತಿದ್ದಳು, ನಾನೇ ಎತ್ತಿಕೊಂಡು ಹೋಗಿ ತೊಳೆದೆ. ಸಾಬೂನು ಟೆಂಪೋದಲ್ಲಿದ್ದ ಚೀಲದಲ್ಲಿತ್ತು. ಟೆಂಪೋ ದೂರ ಇತ್ತು, ಕಡಲು ಹತ್ತಿರ ಇತ್ತು, ನನ್ನ ಮೊಣಕಾಲಿನ ವಿಚಾರ ನಿಮಗೆ ಹೇಳಿದ್ದೇನೆ. ತೆರೆಯಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿ, ಮೂಸಿ ನೋಡಿದೆ. ಉಪ್ಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಬಂದು ಅವಲಕ್ಕಿ ಕಲಸಿದೆ. ಕಡಲಲ್ಲಿ ಮಿಂದರೆ ಪಾಪ ಹೋಗುತ್ತದೆಯಂತೆ. ಹೋಗಲಿ. ಭೇದಿಯ ಹುಳ ಹೋಗುವುದಿಲ್ಲ.

ಮರುದಿನ, ಅದರ ಮರುದಿನ ಕೇರಿಯಲ್ಲಿ ಒಂಬತ್ತು ಜನ ಮಲಗಿದರು. ಅವರಲ್ಲಿ ಎದುರು ಮನೆಯ ಗಂಗೆಯನ್ನು ಅಂಕೋಲೆಯ ಆಸ್ಪತ್ರೆಗೆ ಒಯ್ದು ಬಾಟಲಿ ಏರಿಸಬೇಕಾಯಿತು. ಎಲ್ಲರೂ ಮಜ್ಜಿಗೆ ಕೆಟ್ಟಿತ್ತು ಎಂದರು. ಬಿಸಿಲಿಗೆ ಕೆಡುವುದು ಮಜ್ಜಿಗೆಯಲ್ಲವೇ, ಅವಲಕ್ಕಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ನನಗೆ ಮಾತ್ರ ಬಂತು. ಗಂಗೆ ಹುಟ್ಟಿದಂದಿನಿಂದ ಮಜ್ಜಿಗೆ ಬಾಯಿಗೆ ಹಾಕಿದವಳಲ್ಲ. ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡೆ. ಆಮೇಲೆ ಎಲ್ಲಿ ಊಟವಾದರೂ ಹೊನ್ನಮ್ಮನ ಕೊಡ ತುಂಬಿದ್ದು ತುಂಬಿದ ಹಾಗೆಯೇ ಮನೆಗೆ ಹೋಗುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ, ನೆಗಡಿ ಎನ್ನುತ್ತಿದ್ದರು. ನವರಾತ್ರಿಯ ಹೊತ್ತಿಗೆ ಅವಳು ತರುವುದನ್ನೇ ಬಿಟ್ಟಳು. ಈ ಕಾರ್ತಿಕಕ್ಕೆ ವನಭೋಜನಕ್ಕೇ ಬರುವುದಿಲ್ಲ ಎಂದು ಹೇಳಿ ಕಳಿಸಿದಳು.

ಸುಳ್ಳು ಹೊತ್ತುಕೊಂಡು ತಿರುಗುವುದೂ ಒಂದು ದಣಿವು. ವನಭೋಜನದ ಹಿಂದಿನ ದಿನ ಅವಳ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಅಲಸಂದೆ ಬಿಡಿಸುತ್ತಿದ್ದಳು.

"ಹೊನ್ನೀ, ಹೋದ್ವರ್ಷದ್ದು ನಿನ್ನ ಮಜ್ಜಿಗೆ ಅಲ್ಲ. ನನ್ನ ಕೈ," ಎಂದು ಕೂಸಿನ ವಿಷಯವನ್ನೆಲ್ಲ ಹೇಳಿದೆ.

ಅವಳು ತಲೆ ಎತ್ತಲಿಲ್ಲ. "ನಂಗೆ ಗೊತ್ತಿತ್ತು ಅಕ್ಕಾ. ಗಂಗೆ ಮಜ್ಜಿಗೆ ಕುಡುದಿಲ್ಲ."

"ಗೊತ್ತಿದ್ರೆ ಎಂತಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳುಕೆ ಯಾರಿದ್ರು? ಅವಲಕ್ಕಿ ಕಲ್ಸುದು ನೀನು." ಒಂದು ಹುಳುಕು ಕಾಳು ಆರಿಸಿ ಅಂಗಳಕ್ಕೆ ಎಸೆದಳು. "ಈಗ ನಂಗೆ ಹೇಳಿ ಎಂತ ಆತು? ಅಲ್ಲಿ ಹೇಳು."

ಅದೂ ಸರಿಯೇ. ಕೊಡ ತೆಗೆದುಕೊಂಡು ಬಾ, ಹೇಳುತ್ತೇನೆ ಎಂದೆ.

ಮರುದಿನ ಗಾಳಿಮರದ ಕೆಳಗೆ ಅವಲಕ್ಕಿಯ ಪಾತ್ರೆಯನ್ನು ನನ್ನ ಮುಂದೆ ತಂದಿಟ್ಟಾಗ ನಾನು ಕೈ ಹಾಕಲಿಲ್ಲ. ಇಬ್ಬರ ಆಸರೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಕೂಸಿನ ಅಂಡು ಸಹಿತ. ಸವಿತಾ ನೆಲ ನೋಡಿದಳು. ಊರಿಗೆಲ್ಲ ಪಾಠ ಹೇಳುವವಳ ಅಜ್ಜಿ, ಅವಳದ್ದೇ ಕೂಸು. ಆಮೇಲೆ ಆಸ್ಪತ್ರೆ ಕಂಡು ಬಂದ ಗಂಗೆಯೇ ಬಾಯಿ ಬಿಟ್ಟಳು.

"ಹಂಗಾರೆ ಹೋದ್ವರ್ಷ ಅಷ್ಟು ರುಚಿ ಬಂದದ್ದು ಅದ್ಕೇಯಾ ಅತ್ತೆ?"

ನಕ್ಕರು. ನನಗೆ ನಗು ಬರಲಿಲ್ಲ. ಯಾರೋ ಒಬ್ಬಳು ಮೆಲ್ಲನೆ ಒಂದು ಸೌಟು ಹುಡುಕಿ ತಂದಳು. ಮೂವತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಹೊನ್ನಮ್ಮ ಎದ್ದು, ಕೊಡದ ಪಕ್ಕದಲ್ಲಿದ್ದ ತಂಬಿಗೆಗೆ ನೀರು ತುಂಬಿಕೊಂಡು, ಸವಿತಾಳ ಕೈಯಿಂದ ಸಾಬೂನು ಕಸಿದುಕೊಂಡು ನನ್ನೆದುರು ಬಂದಳು.

"ಕೈ ಹಿಡಿ ಅಕ್ಕಾ."

ಹಿಡಿದೆ. ಅವಳು ಸಣ್ಣಗೆ ನೀರು ಬಿಟ್ಟಳು. ಅಂಗೈ ಉಜ್ಜಿದೆ. ಸಾಕು ಎಂದೆ. ಸಾಕಾಗಿಲ್ಲ ಎಂದಳು. ಬೆರಳ ಸಂದು ಎಂದಳು, ಹೆಬ್ಬೆರಳು ಎಂದಳು, ಉಗುರು ನೋಡಿ ಇನ್ನೊಮ್ಮೆ ಎಂದಳು. ತಂಬಿಗೆ ಖಾಲಿಯಾಯಿತು, ಮತ್ತೆ ತುಂಬಿ ತಂದಳು. ಒಂದು ವರ್ಷದ ಸಿಟ್ಟನ್ನೆಲ್ಲ ಅವಳು ನನ್ನ ಕೈ ಮೇಲೆ ಹೊಯ್ದು ಮುಗಿಸುವಷ್ಟು ಹೊತ್ತು ನಾನು ನಿಂತೇ ಇದ್ದೆ. ಮೊಣಕಾಲು ನೋಯುತ್ತಿತ್ತು. ಸೆರಗಿಗೆ ಒರೆಸಲು ಹೋದೆ, ಬಿಡಲಿಲ್ಲ. ಗಾಳಿಗೇ ಆರಲಿ ಎಂದಳು.

ಆರಿದ ಮೇಲೆ, "ಈಗ ಕಲ್ಸು," ಎಂದಳು.

ಕಲಸಿದೆ. ಸಂಜೆ ಟೆಂಪೋ ಹತ್ತುವಾಗ ಅವಳ ಕೊಡ ಖಾಲಿಯಾಗಿತ್ತು. ಮೂರು ದಿನ ಕಾದೆ, ಯಾರೂ ಮಲಗಲಿಲ್ಲ.

ಸವಿತಾಳ ಪಾಠದಲ್ಲಿ ಬೆರಳು, ಉಗುರು ಎಲ್ಲ ಇವೆ, ನೀರು ಹೊಯ್ಯುವವರು ಯಾರು ಎಂಬುದು ಮಾತ್ರ ಇಲ್ಲ. ಅವಳು ನಲ್ಲಿ ಇದೆಯೆಂದು ತಿಳಿದು ಹೇಳುತ್ತಾಳೆ. ಗಾಳಿಮರದ ಕೆಳಗೆ ನಲ್ಲಿ ಇಲ್ಲ. ತಂಬಿಗೆ ಹಿಡಿದರೆ ಒಂದು ಕೈ ಅಲ್ಲಿಗೇ ಹೋಯಿತು. ಎರಡೂ ಕೈ ಶುದ್ಧವಾಗಬೇಕಾದರೆ ಇನ್ನೊಬ್ಬಳು ಎದುರಿಗೆ ನಿಲ್ಲಬೇಕು, ಅವಳು ನಿಲ್ಲುವ ಹಾಗೆ ನಾವು ಅವಳ ಸ್ನೇಹ ಇಟ್ಟುಕೊಂಡಿರಬೇಕು.