ಪುನರ್ಪುಳಿ ಕುಡಿದ ಸೆಖ್ಮೆತ್

ಕೊರೋನಾ ಬಂದ ಮೊದಲ ಏಪ್ರಿಲ್‌ನಲ್ಲೇ ನನಗೂ ಪಾಸಿಟಿವ್ ಬಂತು. ಆಗ ನಾನು ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ ಆಸ್ಪತ್ರೆಯ ಡಾಕ್ಟರ್. ಗಂಡ ಹಡಗಿನ ಎಂಜಿನಿಯರ್. ಯಾವ ಬಂದರಿನಲ್ಲೂ ಇಳಿಯಲು ಬಿಡದೆ ಅವರು ಸಮುದ್ರದಲ್ಲೇ ಉಳಿದಿದ್ದರು. ಮನೆಯಲ್ಲಿದ್ದದ್ದು ಒಂಬತ್ತು ವರ್ಷದ ಮಗಳು, ಮತ್ತು ಉಡುಪಿಯಿಂದ ಎರಡು ತಿಂಗಳಿಗೆಂದು ಬಂದು, ವಿಮಾನ ನಿಂತು, ಇಲ್ಲೇ ಸಿಕ್ಕಿಹಾಕಿಕೊಂಡ ಅತ್ತೆ. ಅತ್ತೆಗೆ ಇಂಗ್ಲಿಷ್ ಬಾರದು. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರವೆಲ್ಲ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ. ಇಬ್ಬರನ್ನೂ ಕೆಳಗೆ ಬಿಟ್ಟು ಮಹಡಿಯ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹದಿನಾಲ್ಕು ದಿನ.

ಮೊದಲೆರಡು ದಿನ ಕೆಳಗಿನಿಂದ ಟಿವಿಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮೂರನೆಯ ದಿನ ಬಾಗಿಲ ಸಂದಿಯಿಂದ ಒಂದು ಹಾಳೆ ಒಳಗೆ ಜಾರಿತು. ಸಿಂಹದ ತಲೆ, ಹೆಣ್ಣಿನ ಮೈ, ಕೈಯಲ್ಲಿ ಏಳು ಬಾಣ, ಕಾಲಿಗೆ ಹಳದಿ ರಬ್ಬರ್ ಬೂಟು. ಮಗಳು ಶಾಲೆಯ ಪುಸ್ತಕದಲ್ಲಿ ಓದಿದ್ದ ಸೆಖ್ಮೆತ್, ಹಳೆಯ ಈಜಿಪ್ಟಿನ ದೇವತೆ. ಸಿಟ್ಟು ಬಂದರೆ ರೋಗ ಕಳಿಸುವವಳು. ಗುಣ ಮಾಡುವವಳೂ ಅವಳೇ. ಮಗಳ ಕತೆಯಲ್ಲಿ ಅವಳು ಐರ್ಲೆಂಡಿಗೆ ಬಂದು, ಮಾಸ್ಕ್ ತನ್ನ ಮೂತಿಗೆ ಹಿಡಿಸುವುದಿಲ್ಲವೆಂದು ಗೊಣಗುತ್ತ, ವೈರಸ್ಸಿನ ಬೇಟೆಗೆ ಹೊರಟಿದ್ದಳು.

ಅಂದು ಮಧ್ಯಾಹ್ನ ಕೆಳಗಿನಿಂದ ಅತ್ತೆಯ ದನಿ ಕೇಳಿತು.

"ಸಿಂಹದ ಮೇಲೆ ಕೂತ ದೇವಿಯನ್ನು ನೋಡಿದ್ದೇನೆ. ಸಿಂಹವೇ ದೇವಿ ಆದದ್ದು ಇದೇ ಮೊದಲು. ಎಂತ ಮಾಡ್ತಾಳೆ ಇವಳು?"

ಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅತ್ತೆಗೆ ತಿಳಿಯಲಿಲ್ಲ. ಒಂದೊಂದೇ ಕನ್ನಡ ಪದ ಹುಡುಕಿ ಮಗಳು ಅಂದಳು, "ಜ್ವರ... ಜ್ವರ ಕೊಡ್ತಾಳೆ. ಆಮೇಲೆ ವಾಪಸ್ ತಗೋತಾಳೆ."

"ಓ, ನಮ್ಮ ಮಾರಿಯಮ್ಮನ ಹಾಗೆ!"

ಅಲ್ಲಿಂದ ದಿನಕ್ಕೊಂದು ಹಾಳೆ ಬರತೊಡಗಿತು. ನನಗೆ ಆ ವಾರ ಉಸಿರು ಸ್ವಲ್ಪ ಕಟ್ಟುತ್ತಿತ್ತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡೇ ಓದುತ್ತಿದ್ದೆ. ಕತೆಯ ಪ್ರತಿ ತಿರುವನ್ನೂ ಅಜ್ಜಿ ಒಪ್ಪಬೇಕಿತ್ತು, ಒಪ್ಪಿಸಲು ಮಗಳು ಕನ್ನಡದಲ್ಲೇ ಹೇಳಬೇಕಿತ್ತು. ಜೋರು ಜಗಳವಾದದ್ದು ಬಿಯರಿನ ವಿಷಯಕ್ಕೆ. ಈಜಿಪ್ಟಿನ ಕತೆಯಲ್ಲಿ ಸೆಖ್ಮೆತ್‌ಳ ಕೋಪ ಇಳಿಸಲು ಬಿಯರಿಗೆ ಕೆಂಪು ಬಣ್ಣ ಬೆರೆಸಿ, ರಕ್ತವೆಂದು ನಂಬಿಸಿ ಕುಡಿಸುತ್ತಾರೆ.

"ದೇವಿಗೆ ಬಿಯರಾ? ನಾನಿರುವಾಗ ಅದೆಲ್ಲ ಆಗ್ಲಿಕ್ಕಿಲ್ಲ," ಎಂದರು ಅತ್ತೆ.

"ಆದ್ರೆ ಕೆಂಪು ಇರ್ಬೇಕು ಅಜ್ಜಿ! ಬ್ಲಡ್ ಥರ!"

"ಪುನರ್ಪುಳಿ ಕೆಂಪಲ್ವಾ ಮಾರಾಯ್ತಿ?"

ಊರಿನಿಂದ ತಂದ ಪುನರ್ಪುಳಿ ಹಣ್ಣಿನ ಒಣ ಸಿಪ್ಪೆ, ಅಂದರೆ ಕೋಕಂ, ಅತ್ತೆಯ ಸೂಟ್‌ಕೇಸಿನಲ್ಲಿತ್ತು. ಸಂಜೆ ಬಾಗಿಲು ತೆರೆದರೆ ಹೊಸ್ತಿಲಾಚೆ ಸ್ಟೀಲ್ ಲೋಟದ ತುಂಬ ಕೆಂಪು ಶರಬತ್ತು, ಜೊತೆಗೊಂದು ಚೀಟಿ: ಸೆಖ್ಮೆತ್ ಕುಡಿದು ಮಲಗಿದಳು, ನೀನೂ ಮಲಗು. ನನಗೆ ರುಚಿ, ವಾಸನೆ ಎರಡೂ ಹೋಗಿ ನಾಲ್ಕು ದಿನವಾಗಿತ್ತು. ಆದರೂ ನಾಲಿಗೆಯ ಬದಿಯಲ್ಲಿ ಹುಳಿ ಎಲ್ಲೋ ಒಂಚೂರು ಚುಚ್ಚಿತು. ಮಂಚದ ಮೇಲೆ ಕೂತು ನಗುತ್ತಲೇ ಅತ್ತುಬಿಟ್ಟೆ.

ಹದಿನೈದನೆಯ ದಿನ ಹೊರಗೆ ಬಂದೆ. ಮೆಟ್ಟಿಲ ಬುಡದಲ್ಲಿ ಮಗಳು ನಿಂತಿದ್ದಳು. ಅಜ್ಜಿಯ ಕೆಂಪು ಶಾಲು, ರಟ್ಟಿನ ಸಿಂಹದ ತಲೆ, ಸುತ್ತ ಉಣ್ಣೆಯ ಕೇಸರ. ಹತ್ತಿರ ಬರಲು ಹೆದರುತ್ತಿದ್ದಳು.

"ಅಮ್ಮಾ, ನೀನು ಈಗ ಗ್ರ್ಯಾಂಡಾ?" ಐರಿಷರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಆರಾಮ ಎಂದಷ್ಟೇ ಅರ್ಥ.

"ಗ್ರ್ಯಾಂಡ್ ಕಣೇ. ಬಾ."

ಓಡಿ ಬಂದು ತಬ್ಬಿಕೊಂಡಳು. ಉಣ್ಣೆ ನನ್ನ ಬಾಯಿಗೆಲ್ಲ ಮೆತ್ತಿಕೊಂಡಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗದರಿದರು, "ಮೆಲ್ಲ, ಮೆಲ್ಲ! ಆ ತಲೆ ಅಂಟಿಸ್ಲಿಕ್ಕೆ ನಂಗೆ ಮೂರು ದಿನ ಹಿಡಿದಿದೆ."